ಕೆರಳಿದವನ ಮುಂದೆ ನಿಂತವನ ಧರ್ಮ

ಕೋಪವನ್ನು ಗೆಲ್ಲಬೇಕೆಂಬ ಉಪದೇಶವನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಉಪದೇಶವೆಲ್ಲ ಕೋಪಗೊಂಡವನನ್ನು ಕುರಿತದ್ದು. ಆದರೆ ಮತ್ತೊಬ್ಬನು ಕೋಪದಿಂದಲೋ ಭಯದಿಂದಲೋ ರೋಗದಿಂದಲೋ ಮೈಮರೆತು ಕೆರಳಿ ನಿಂತಿರುವಾಗ, ಅವನೆದುರು ಅರಿವುಳ್ಳವನಾಗಿ, ಅಧಿಕಾರವುಳ್ಳವನಾಗಿ ನಿಂತಿರುವವನ ಕರ್ತವ್ಯವೇನು ಎಂಬ ವಿಚಾರ ನಮ್ಮಲ್ಲಿ ಅಷ್ಟಾಗಿ ನಡೆದಿಲ್ಲ. ಇದು ಪಂಡಿತರ ಪ್ರಶ್ನೆಯಲ್ಲ. ವಿದ್ಯಾರ್ಥಿ ನಿಲಯದ ಮೇಲ್ವಿಚಾರಕನಿಗೆ, ಶಾಲೆಯ ಶಿಕ್ಷಕನಿಗೆ, ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳ ಪಾಲನಾ ಕೇಂದ್ರದ ಆಯಾಳಿಗೆ, ಮಾನಸಿಕ ಆಸ್ಪತ್ರೆಯ ದಾದಿಗೆ, ಮರೆವಿನ ರೋಗ ಹಿಡಿದ ಮಾವನವರನ್ನು ಮನೆಯಲ್ಲಿಯೇ ನೋಡಿಕೊಳ್ಳುತ್ತಿರುವ ಸೊಸೆಗೆ ಇದು ವಾರಕ್ಕೊಮ್ಮೆಯಾದರೂ ಎದುರಾಗುವ ಪ್ರಶ್ನೆ. ವಾಚಕರಲ್ಲಿ ಅನೇಕರು ಮಠದ ನಿಲಯಗಳಲ್ಲಿ ಉಂಡು ಓದಿ ಬೆಳೆದವರು. ಕೆಲವರು ಈಗ ಅಂಥ ನಿಲಯಗಳನ್ನೂ ಶಾಲೆಗಳನ್ನೂ ನಡೆಸುತ್ತಿರುವವರು. ಆದ್ದರಿಂದ ಈ ವಿಚಾರವನ್ನು ತಮ್ಮ ಮುಂದೆ ಇಡುವುದು ಅನುಚಿತವಾಗಲಾರದು.

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ರಾತ್ರಿ ಪ್ರಸಾದದ ಹೊತ್ತು. ಇನ್ನೂರು ಹುಡುಗರು ಪಂಕ್ತಿಯಲ್ಲಿ ಕುಳಿತಿದ್ದಾರೆ. ಹದಿಮೂರು ವರ್ಷದ ಒಬ್ಬ ಹುಡುಗನಿಗೆ ಪಕ್ಕದವನು ಅವನ ತಂದೆಯ ವಿಷಯವಾಗಿ ಏನೋ ಕೊಂಕು ಮಾತು ಆಡುತ್ತಾನೆ. ಹುಡುಗ ತಟ್ಟೆಯನ್ನು ಎತ್ತಿ ಒಗೆಯುತ್ತಾನೆ. ಅನ್ನ, ಸಾರು ನೆಲದ ಪಾಲಾಗುತ್ತವೆ. ಮೇಲ್ವಿಚಾರಕರು ಬಂದು, "ತಟ್ಟೆ ಎತ್ತು" ಎನ್ನುತ್ತಾರೆ. ಅವನು ಎತ್ತುವುದಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳುತ್ತಾರೆ. ಅವನ ಬಾಯಿಂದ ಆಡಬಾರದ ಮಾತೊಂದು ಹೊರಡುತ್ತದೆ. ಇನ್ನೂರು ಜೊತೆ ಕಣ್ಣುಗಳು ನೋಡುತ್ತಿವೆ. ಮೇಲ್ವಿಚಾರಕರು ರಟ್ಟೆ ಹಿಡಿಯುತ್ತಾರೆ, ಹುಡುಗ ಕಚ್ಚುತ್ತಾನೆ. ದೊಡ್ಡ ತರಗತಿಯ ಇಬ್ಬರನ್ನು ಕರೆಯಲಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಹುಡುಗನು ನೆಲದ ಮೇಲೆ ಬೋರಲಾಗಿ ಬಿದ್ದಿದ್ದಾನೆ, ಅವನ ಬೆನ್ನ ಮೇಲೆ ಒಬ್ಬರ ಮೊಣಕಾಲಿದೆ. ಅನಂತರ ಎಲ್ಲರೂ ಹೇಳುವ ಮಾತು ಒಂದೇ: "ಬೇರೆ ಏನು ಮಾಡಲು ಸಾಧ್ಯವಿತ್ತು?"

ಆ ಕೊನೆಯ ಗಳಿಗೆಯಲ್ಲಿ ನಿಜವಾಗಿಯೂ ಬೇರೆ ಏನೂ ಸಾಧ್ಯವಿರಲಿಲ್ಲವೇನೋ. ಆದರೆ ಪ್ರಸಂಗವು ಆ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ತಟ್ಟೆ ಬಿದ್ದಾಗ ಒಂದು ದಾರಿ ಇತ್ತು. ಕೊಂಕು ಮಾತು ಬಿದ್ದಾಗ ಇನ್ನೊಂದಿತ್ತು. ಹಬ್ಬಕ್ಕೆ ಎಲ್ಲರ ಮನೆಯವರೂ ಬಂದು ಕರೆದೊಯ್ದು, ಇವನ ಮನೆಯಿಂದ ಯಾರೂ ಬಾರದೆ ಇದ್ದ ಹಿಂದಿನ ವಾರದಲ್ಲಿ ಮತ್ತೊಂದಿತ್ತು. ದಾರಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಕೊನೆಗೆ ಉಳಿದದ್ದು ಬಲಪ್ರಯೋಗ. ಇನ್ನೊಂದು ಅಂಶವನ್ನೂ ಗಮನಿಸಬೇಕು. "ತಟ್ಟೆ ಎತ್ತು" ಎಂಬ ಎರಡನೆಯ ಆಜ್ಞೆಯ ಹೊತ್ತಿಗೆ ಪ್ರಶ್ನೆಯು ತಟ್ಟೆಯದಾಗಿ ಉಳಿದಿರಲಿಲ್ಲ. ಅದು ಮೇಲ್ವಿಚಾರಕರ ಮರ್ಯಾದೆಯ ಪ್ರಶ್ನೆಯಾಗಿತ್ತು. ನೋಡುವವರಿಲ್ಲದಿದ್ದರೆ ಅವರೇ ಬಗ್ಗಿ ತಟ್ಟೆಯನ್ನು ಎತ್ತಿಡುತ್ತಿದ್ದರೋ ಏನೋ. ಶಿಸ್ತಿನ ಹೆಸರಿನಲ್ಲಿ ನಾವು ಕಾಪಾಡಲು ಹೊರಡುವುದು ಹಲವು ಸಲ ನಮ್ಮ ಮುಖವನ್ನೇ. ಈ ಸೂಕ್ಷ್ಮವನ್ನು ಒಪ್ಪಿಕೊಳ್ಳದೆ ಮುಂದಿನ ವಿಚಾರ ಸಾಗದು.

ಕೆರಳಿದವನ ದೇಹದಲ್ಲಿ ನಡೆಯುವುದನ್ನು ಶರೀರಶಾಸ್ತ್ರವು ಸ್ಪಷ್ಟವಾಗಿ ತಿಳಿಸಿಕೊಟ್ಟಿದೆ. ಎದೆಯ ಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹೋರಾಡು ಇಲ್ಲವೇ ಓಡು ಎಂಬ ಪ್ರಾಚೀನ ಪ್ರೇರಣೆಗೆ ಶರೀರವು ಸಿದ್ಧವಾಗುತ್ತದೆ. ಅಂಥ ಹೊತ್ತಿನಲ್ಲಿ ಉದ್ದನೆಯ ಮಾತನ್ನು ಗ್ರಹಿಸುವ, ಯುಕ್ತಾಯುಕ್ತವನ್ನು ತೂಗುವ ಶಕ್ತಿ ಕುಗ್ಗಿರುತ್ತದೆ. ಮಾತಿನ ಅರ್ಥ ಒಳಹೋಗುವುದಿಲ್ಲ. ದನಿಯ ಏರು, ಮುಖದ ಗಂಟು, ಎತ್ತಿದ ಕೈ, ಹತ್ತಿರ ಬರುತ್ತಿರುವ ಕಾಲು ಇವು ಮಾತ್ರ ಒಳಹೋಗುತ್ತವೆ. ಆದ್ದರಿಂದ ಆ ಸಮಯದ ಉಪದೇಶ ವ್ಯರ್ಥ. ಬೆದರಿಕೆಯಂತೂ ಉರಿಯುವ ಒಲೆಗೆ ತುಂಬಿದ ಕಟ್ಟಿಗೆ. ನಮ್ಮಂಥ ಬೋಧಕವರ್ಗದವರಿಗೆ ಇದು ಬಹಳ ಕಷ್ಟದ ಪಾಠ. ಮಾತಾಡುವುದೇ ನಮ್ಮ ಕಸುಬಾಗಿರುವುದರಿಂದ, ಮಾತು ಕೆಲಸ ಮಾಡದ ಹೊತ್ತಿನಲ್ಲಿ ಇನ್ನೂ ಹೆಚ್ಚು ಮಾತಾಡಿಬಿಡುತ್ತೇವೆ.

ಹಾಗಾದರೆ ಮಾಡಬೇಕಾದದ್ದೇನು? ಅನುಭವಸ್ಥರು ಹೇಳುವ ಸಂಗತಿಗಳು ಆಶ್ಚರ್ಯವಾಗುವಷ್ಟು ಸರಳವಾಗಿವೆ. ಒಬ್ಬರೇ ಮಾತಾಡಬೇಕು, ನಾಲ್ವರು ನಾಲ್ಕು ದಿಕ್ಕಿನಿಂದ ಗದರಬಾರದು. ಕೈಗೆ ನಿಲುಕದಷ್ಟು ದೂರದಲ್ಲಿ, ಎದೆಗೆ ಎದೆಕೊಟ್ಟಂತೆ ನಿಲ್ಲದೆ ತುಸು ಓರೆಯಾಗಿ ನಿಲ್ಲಬೇಕು. ಬಾಗಿಲಿಗೆ ಅಡ್ಡ ನಿಲ್ಲಬಾರದು, ಹೊರಹೋಗುವ ದಾರಿ ಕಂಡರೆ ಅರ್ಧ ಭಯ ಇಳಿಯುತ್ತದೆ. ಕೈಗಳು ಕೆಳಗಿರಲಿ, ಕಾಣುವಂತಿರಲಿ. ಹಿಂದಿನಿಂದ ಹೋಗಿ ಮುಟ್ಟುವುದಂತೂ ಕೂಡದು. ದನಿ ತಗ್ಗಿರಲಿ, ವಾಕ್ಯ ಚಿಕ್ಕದಿರಲಿ, ಹುಡುಗನನ್ನು ಹೆಸರು ಹಿಡಿದು ಕರೆಯಿರಿ. ನಡುವೆ ಮೌನವಿದ್ದರೆ ಅದನ್ನು ತುಂಬಲು ಆತುರಪಡಬೇಡಿ. ನೋಡುತ್ತಿರುವ ಇನ್ನೂರು ಮಂದಿಯನ್ನು ಹೊರಗೆ ಕಳಿಸಿ. ಒಬ್ಬ ಕೆರಳಿದ ಹುಡುಗನನ್ನು ಎಳೆದೊಯ್ಯುವುದಕ್ಕಿಂತ ಶಾಂತರಾಗಿರುವ ಇನ್ನೂರು ಜನ ಎದ್ದುಹೋಗುವುದು ಸುಲಭ. ನೋಟಕರಿಲ್ಲದ ಕಡೆ ಸೋಲುವುದು ಅವನಿಗೂ ಕಷ್ಟವಲ್ಲ, ನಿಮಗೂ ಕಷ್ಟವಲ್ಲ. ಬಿದ್ದ ತಟ್ಟೆ ಅಲ್ಲಿಯೇ ಬಿದ್ದಿರಲಿ.

"ಇದು ಹೇಡಿತನವಲ್ಲವೇ? ಹುಡುಗನಿಗೆ ಶರಣಾದಂತಲ್ಲವೇ?" ಎಂದು ತಾವು ಕೇಳಬಹುದು. ಪ್ರಶ್ನೆ ಸಹಜವಾದದ್ದು. ಆದರೆ ಮುಂದೂಡುವುದು ಬೇರೆ, ಬಿಟ್ಟುಕೊಡುವುದು ಬೇರೆ. ಅನ್ನವನ್ನು ಚೆಲ್ಲಿದ ಹುಡುಗ ಆ ನೆಲವನ್ನು ಒರೆಸಬೇಕಾದದ್ದು ನ್ಯಾಯವೇ. ಆದರೆ ಅದು ಅವನ ಉಸಿರು ನೆಲೆಗೊಂಡ ಮೇಲೆ, ಬಹುಶಃ ನಿಮ್ಮ ಕೈಯಲ್ಲಿಯೂ ಒಂದು ಅರಿವೆ ಇರುವಾಗ. ರೋಷದ ವೇಳೆ ಬೇರೆ, ಹೊಣೆಯ ವೇಳೆ ಬೇರೆ. ಇವೆರಡನ್ನೂ ಒಂದೇ ಗಳಿಗೆಗೆ ತುರುಕಲು ಹೋಗುವುದರಿಂದಲೇ ಅನರ್ಥಗಳಲ್ಲಿ ಬಹುಪಾಲು ಸಂಭವಿಸುತ್ತವೆ.

ಈ ದಾರಿಯನ್ನು ತುದಿಯವರೆಗೆ ನಡೆದು ನೋಡಿದವನೊಬ್ಬನಿದ್ದಾನೆ. ಅವನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಆಸ್ಟ್ರಿಯಾ ದೇಶದ ಆಗಸ್ಟ್ ಐಕ್‌ಹಾರ್ನ್ ಮೂಲತಃ ಶಾಲಾ ಶಿಕ್ಷಕ. ಮೊದಲನೆಯ ಮಹಾಯುದ್ಧ ಮುಗಿದ ೧೯೧೮ರ ಸುಮಾರಿನಲ್ಲಿ ಓಬರ್‌ಹೋಲಬ್ರುನ್ ಎಂಬಲ್ಲಿ, ನಿರಾಶ್ರಿತರಿಗಾಗಿ ಕಟ್ಟಿದ್ದ ಹಳೆಯ ಶಿಬಿರದ ಮರದ ಮನೆಗಳಲ್ಲಿ, ದಾರಿತಪ್ಪಿದ ಮಕ್ಕಳಿಗಾಗಿ ಅವನು ಒಂದು ಆಶ್ರಮವನ್ನು ನಡೆಸತೊಡಗಿದ. ಯಾವ ಗುಂಪಿನಲ್ಲಿಯೂ ಹೊಂದದ, ಚಾಕು ಎತ್ತುವ, ತಟ್ಟೆಗಳನ್ನು ತಲೆಗೆ ಗುರಿಯಿಟ್ಟು ಒಗೆಯುವ ಹನ್ನೆರಡು ಹುಡುಗರು ಕೊನೆಗೆ ಒಂದು ಗುಂಪಾಗಿ ಉಳಿದರು. ಅವರ ಪೂರ್ವವೃತ್ತಾಂತವನ್ನು ವಿಚಾರಿಸಿದಾಗ ತಿಳಿದದ್ದು ಇಷ್ಟು: ಎಲ್ಲರೂ ಮನೆಯಲ್ಲಿ ಕ್ರೂರವಾದ ಹೊಡೆತಗಳನ್ನು ತಿಂದವರು, ಪ್ರೀತಿಯನ್ನು ಕಾಣದವರು. ಹೊಡೆತದಿಂದಲೇ ಹೀಗಾದವರನ್ನು ಇನ್ನಷ್ಟು ಹೊಡೆತದಿಂದ ಸರಿಪಡಿಸುವುದೆಂತು ಎಂದು ಐಕ್‌ಹಾರ್ನ್ ಯೋಚಿಸಿದ. ಪಾಲಕರಿಗೆ ಅವನು ಕೊಟ್ಟ ಸೂಚನೆ ಚಿಕ್ಕದು: ಯಾರಿಗೂ ಗಾಯವಾಗದಂತೆ ನೋಡಿಕೊಳ್ಳಿ, ಅದರಾಚೆಗೆ ಅಡ್ಡಬರಬೇಡಿ, ಪಕ್ಷ ವಹಿಸಬೇಡಿ, ಸಿಟ್ಟಾಗಬೇಡಿ.

ಹುಡುಗರು ಮೊದಲು ಇನ್ನಷ್ಟು ಕೆರಳಿದರು. ಮೇಜು ಕುರ್ಚಿಗಳು ಮುರಿದವು, ಕಿಟಕಿಯ ಗಾಜುಗಳು ಒಡೆದವು. ಏಟನ್ನು ಬರಮಾಡಿಕೊಳ್ಳಲೆಂದೇ ಅವರು ಹಾಗೆ ಮಾಡುತ್ತಿದ್ದರು, ಏಟು ಬಿದ್ದರೆ ಜಗತ್ತು ತಮ್ಮ ವೈರಿಯೆಂಬ ಅವರ ಹಳೆಯ ನಂಬಿಕೆ ಗಟ್ಟಿಯಾಗುತ್ತಿತ್ತು. ಏಟು ಬೀಳಲಿಲ್ಲ. ಕ್ರಮೇಣ ಅವರ ರೋಷವು ಪೊಳ್ಳಾಗತೊಡಗಿತು. ಪಾಲಕರಿಗೆ ತೋರಿಸುವುದಕ್ಕಾಗಿ ಮಾಡುವ ಆಟದಂತಾಯಿತು. ಕೊನೆಗೆ ಸಿಟ್ಟಿನ ಜಾಗದಲ್ಲಿ ಅಳು ಬಂದಿತು. ಆಗ ಐಕ್‌ಹಾರ್ನ್ ಅವರನ್ನು ಒಡೆದ ಮನೆಯಿಂದ ಹೊಸದಾಗಿ ಸಜ್ಜುಗೊಳಿಸಿದ ಮನೆಗೆ ಕರೆತಂದ. ೧೯೨೫ರಲ್ಲಿ ಅವನು ಈ ಅನುಭವಗಳನ್ನು ಗ್ರಂಥವಾಗಿ ಪ್ರಕಟಿಸಿದಾಗ ಮುನ್ನುಡಿ ಬರೆದವರು ಸಿಗ್ಮಂಡ್ ಫ್ರಾಯ್ಡ್.

ಈ ಪ್ರಯೋಗವನ್ನು ನಮ್ಮ ನಿಲಯಗಳಲ್ಲಿ ಯಥಾವತ್ತಾಗಿ ಅನುಸರಿಸಬೇಕೆಂದು ನಾನು ಹೇಳಲಾರೆ. ಐಕ್‌ಹಾರ್ನ್‌ನ ಮುಂದಿದ್ದವರು ಹನ್ನೆರಡು ಮಂದಿ, ಪ್ರತ್ಯೇಕ ಮನೆಯಲ್ಲಿದ್ದವರು. ಮುನ್ನೂರು ಮಕ್ಕಳಿರುವ ಕಡೆ, ಕಿಟಕಿ ಒಡೆಯುವುದನ್ನು ಸುಮ್ಮನೆ ನೋಡುತ್ತ ನಿಂತರೆ, ಮೂಲೆಯಲ್ಲಿ ನಡುಗುತ್ತ ಕುಳಿತ ಎಂಟು ವರ್ಷದ ಇನ್ನೊಬ್ಬ ಹುಡುಗನಿಗೆ ನಾವು ಏನು ಉತ್ತರ ಕೊಡಬೇಕು? ಅವನನ್ನು ಕಾಯುವುದೂ ನಮ್ಮ ಹೊಣೆಯೇ. ತಾಳ್ಮೆಯು ಒಬ್ಬನಿಗೆ ದಯೆಯಾಗಿ ಮತ್ತೊಬ್ಬನಿಗೆ ಅನಾದರವಾಗಬಾರದು. ಆದಾಗ್ಯೂ ಐಕ್‌ಹಾರ್ನ್ ಕಂಡುಕೊಂಡ ಒಂದು ಸಂಗತಿ ಎಲ್ಲ ಕಾಲಕ್ಕೂ ನಿಲ್ಲುವಂಥದು. ಕೆರಳಿದವನು ನಮ್ಮಿಂದ ಏನನ್ನು ನಿರೀಕ್ಷಿಸುತ್ತಿದ್ದಾನೋ ಅದನ್ನು ಕೊಡದೆ ಇರುವುದರಲ್ಲಿಯೇ ಅವನ ಬದಲಾವಣೆಯ ಮೊದಲ ಎಳೆ ಇದೆ.

ಐಕ್‌ಹಾರ್ನ್‌ನ ಬಳಗದಲ್ಲಿ ಪಳಗಿದ ಫ್ರಿಟ್ಸ್ ರೆಡ್ಲ್ ೧೯೩೬ರಲ್ಲಿ ಅಮೆರಿಕಕ್ಕೆ ಹೋಗಿ, ೧೯೪೬ರಲ್ಲಿ ಡೆಟ್ರಾಯ್ಟ್ ನಗರದಲ್ಲಿ 'ಪಯೊನಿಯರ್ ಹೌಸ್' ಎಂಬ ಚಿಕ್ಕ ಮನೆಯನ್ನು ತೆರೆದ. ಅಲ್ಲಿದ್ದವರು ಬೆರಳೆಣಿಕೆಯ ಹುಡುಗರು. ಹಣದ ಅಭಾವದಿಂದ ಸುಮಾರು ಎರಡು ವರ್ಷಗಳಲ್ಲಿಯೇ ಆ ಮನೆ ಮುಚ್ಚಿತು. ಆದರೆ ಡೇವಿಡ್ ವೈನ್‌ಮನ್ ಎಂಬ ಸಹೋದ್ಯೋಗಿಯೊಡನೆ ಅವನು ೧೯೫೧ರಲ್ಲಿಯೂ ೧೯೫೨ರಲ್ಲಿಯೂ ಬರೆದ ಎರಡು ಗ್ರಂಥಗಳು ಉಳಿದವು. ಪ್ರಸಂಗವು ಕೈಮೀರುವ ಮೊದಲೇ ಹಿರಿಯರು ಮಾಡಬಹುದಾದ ಚಿಕ್ಕ ಚಿಕ್ಕ ಕೆಲಸಗಳ ವಿವರ ಅಲ್ಲಿದೆ: ಮಾತಾಡದೆ ಹೋಗಿ ಹುಡುಗನ ಪಕ್ಕ ನಿಲ್ಲುವುದು; ಕೆಲವನ್ನು ಬೇಕೆಂದೇ ಕಾಣದಂತಿರುವುದು; ಹಗುರವಾದ ಒಂದು ಹಾಸ್ಯ; ಲೆಕ್ಕದಲ್ಲಿ ಸಿಕ್ಕಿಬಿದ್ದು ಪುಸ್ತಕ ಹರಿಯಲು ಹೊರಟವನಿಗೆ ಆ ಒಂದು ಮೆಟ್ಟಿಲನ್ನು ದಾಟಿಸುವುದು; ಉಪಾಯವಾಗಿ, ಶಿಕ್ಷೆಯೆಂದು ತೋರದಂತೆ, ಅವನನ್ನು ಆ ಜಾಗದಿಂದ ಹೊರಗೆ ಕಳಿಸುವುದು. ಇದನ್ನು ಓದಿದಾಗ ನನಗೆ ನಮ್ಮ ಹಳೆಯ ತಲೆಯ ಮೇಲ್ವಿಚಾರಕರು ನೆನಪಾಗುತ್ತಾರೆ. ಹುಡುಗನೊಬ್ಬನ ಮುಖ ಕೆಂಪೇರುತ್ತಿರುವುದನ್ನು ಕಂಡ ಕೂಡಲೇ, "ತಮ್ಮಾ, ಅಂಗಡಿಗೆ ಹೋಗಿ ನಾಲ್ಕು ಎಲೆ ಅಡಿಕೆ ತಾ" ಎಂದು ಅಟ್ಟುತ್ತಿದ್ದವರು ಅವರಲ್ಲಿಯೂ ಇದ್ದರು. ಡೆಟ್ರಾಯ್ಟಿನ ಗ್ರಂಥವನ್ನು ಅವರೇನೂ ಓದಿರಲಿಲ್ಲ. ಬೆತ್ತವನ್ನೇ ನಂಬಿದ್ದವರೂ ಇದ್ದರೆಂಬುದನ್ನು ತಮಗೆ ಬೇರೆ ಹೇಳಬೇಕಾಗಿಲ್ಲ.

ಈಗ ಕಠಿಣವಾದ ಭಾಗಕ್ಕೆ ಬರೋಣ. ಎಲ್ಲ ಉಪಾಯಗಳೂ ಸೋತು, ಹುಡುಗನು ಕಲ್ಲೆತ್ತಿಕೊಂಡು ಇನ್ನೊಬ್ಬನ ಮೇಲೆ ಹೋಗುತ್ತಿದ್ದಾನೆ. ಅಥವಾ ಬಾಲಕಿಯೊಬ್ಬಳು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಾಳೆ. ಆಗ ಹಿಡಿಯಬಹುದೇ? ಹಿಡಿಯಲೇಬೇಕು. ಅಂಥಲ್ಲಿ ಕೈಕಟ್ಟಿ ನಿಲ್ಲುವುದು ಅಹಿಂಸೆಯಲ್ಲ. ಆದರೆ ಹಿಡಿಯುವ ಕೈಯೂ ದಂಡಿಸುವ ಕೈಯೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುವುದರಿಂದ, ಇವೆರಡನ್ನು ಬೇರ್ಪಡಿಸುವ ಲಕ್ಷಣ ಯಾವುದೆಂದು ಕೇಳಬೇಕಾಗುತ್ತದೆ. ನನ್ನ ಮತದಲ್ಲಿ ಆ ಲಕ್ಷಣವು ಕೈ ಬಿಗಿಯುವ ಗಳಿಗೆಯಲ್ಲಿಲ್ಲ, ಸಡಿಲಿಸುವ ಗಳಿಗೆಯಲ್ಲಿದೆ. ರಕ್ಷಿಸಲು ಹಿಡಿದವನು ಅಪಾಯ ಕಳೆದ ಕೂಡಲೇ ಬಿಡುತ್ತಾನೆ. ಬಿಡುವ ಸಮಯವನ್ನೇ ಕಾಯುತ್ತಿರುತ್ತಾನೆ. ದಂಡಿಸಲು ಹಿಡಿದವನು "ತಪ್ಪಾಯಿತೆನ್ನು" ಎನ್ನುತ್ತಾನೆ. ಕಲ್ಲು ಕೈಯಿಂದ ಬಿದ್ದ ಮೇಲೆಯೂ ಉಳಿದ ಬಿಗಿತವೆಲ್ಲ ಹಿಡಿದವನ ಸ್ವಂತದ ಸಿಟ್ಟು.

ಹಿಡಿಯುವ ರೀತಿಯಲ್ಲಿಯೂ ಪ್ರಾಣದ ಪ್ರಶ್ನೆ ಇದೆ. ಬೋರಲಾಗಿ ಕೆಡವಿ ಬೆನ್ನ ಮೇಲೆ ಭಾರ ಹಾಕಿದರೆ ಎದೆಯೂ ಹೊಟ್ಟೆಯೂ ಹಿಗ್ಗಲು ಎಡೆಯಿಲ್ಲದೆ ಉಸಿರು ಕಟ್ಟುತ್ತದೆ. ಆಗ ಕೆಳಗಿರುವವನು ಗಾಳಿಗಾಗಿ ಒದ್ದಾಡುತ್ತಾನೆ; ಮೇಲಿರುವವನು ಅದನ್ನು ಪ್ರತಿಭಟನೆಯೆಂದು ತಿಳಿದು ಇನ್ನಷ್ಟು ಒತ್ತುತ್ತಾನೆ. ಆಸ್ಪತ್ರೆಗಳಲ್ಲಿ, ಮಕ್ಕಳ ಆಶ್ರಮಗಳಲ್ಲಿ ಸಾವುಗಳು ಸಂಭವಿಸಿರುವುದು ಹೀಗೆ. ೧೯೯೮ರಲ್ಲಿ ಅಮೆರಿಕದ 'ಹಾರ್ಟ್‌ಫರ್ಡ್ ಕೊರಾಂಟ್' ಪತ್ರಿಕೆಯು ಆ ದೇಶದ ಇಂಥ ಸಂಸ್ಥೆಗಳಲ್ಲಿ ಹಿಡಿದಿಡುವಾಗಲೋ ಕೂಡಿಹಾಕಿದಾಗಲೋ ಹತ್ತು ವರ್ಷಗಳಲ್ಲಿ ಸತ್ತ ೧೪೨ ಮಂದಿಯ ಲೆಕ್ಕವನ್ನು ಪ್ರಕಟಿಸಿತು. ಅವರನ್ನು ಕೊಲ್ಲಬೇಕೆಂದು ಯಾರೂ ಹೊರಟಿರಲಿಲ್ಲ. "ಉಸಿರಾಡಲು ಆಗುತ್ತಿಲ್ಲ" ಎಂಬ ಮಾತನ್ನು ನೆಪವೆಂದು ತಿಳಿಯುವ ಹಕ್ಕು ಹಿಡಿದವನಿಗೆ ಎಂದಿಗೂ ಇಲ್ಲ.

ನಮ್ಮ ನೆಲದಲ್ಲಿ ನಡೆದದ್ದು ಇದಕ್ಕಿಂತ ಭಯಂಕರ. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಎರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಳಗಿನ ಜಾವದಲ್ಲಿ ಬೆಂಕಿ ಬಿದ್ದಿತು. ಸರಪಳಿಯಿಂದ ಬಿಗಿಯಲ್ಪಟ್ಟಿದ್ದವರು ಓಡಲಾರದೆ ಹೋದರು. ೨೮ ಮಂದಿ ಸತ್ತರು. ಅವರನ್ನು ಅಲ್ಲಿಗೆ ಕರೆತಂದವರು ವೈರಿಗಳಲ್ಲ, ತಂದೆತಾಯಿಗಳು, ಒಡಹುಟ್ಟಿದವರು. ಸರಪಳಿ ಹಾಕಿದವರೂ ರಾತ್ರಿ ರೋಗಿಗಳು ಎದ್ದು ಎಲ್ಲಿಗಾದರೂ ಹೋದಾರೆಂಬ ಕಾರಣವನ್ನೇ ಹೇಳುತ್ತಿದ್ದಿರಬೇಕು. ಕಾಯುವ ಒಬ್ಬ ಮನುಷ್ಯನ ಕೆಲಸವನ್ನು ಅಲ್ಲಿ ಕಬ್ಬಿಣಕ್ಕೆ ವಹಿಸಿದ್ದರು.

೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸರಪಳಿಯನ್ನು ಯಾವುದೇ ರೂಪದಲ್ಲಿಯೂ ನಿಷೇಧಿಸಿತು. ಒಂಟಿಯಾಗಿ ಕೂಡಿಹಾಕುವುದನ್ನೂ ನಿಷೇಧಿಸಿತು. ಒದಗಿರುವ ಅಪಾಯವನ್ನು ತಪ್ಪಿಸಲು ಬೇರೆ ಮಾರ್ಗವೇ ಇಲ್ಲದಿದ್ದಾಗ ಮಾತ್ರ, ಹೊಣೆಹೊತ್ತ ಮನೋವೈದ್ಯರ ಅನುಮತಿಯಿಂದ, ಅವಶ್ಯವಾದಷ್ಟು ಹೊತ್ತಿಗೆ ಮೀರದಂತೆ ರೋಗಿಯನ್ನು ಹಿಡಿದಿಡಬಹುದೆಂದು ಅದು ಹೇಳುತ್ತದೆ. ಶಿಕ್ಷೆಗಾಗಿ ಹಾಗೆ ಮಾಡಕೂಡದು. ಸಿಬ್ಬಂದಿ ಕಡಿಮೆಯಿದ್ದಾರೆಂಬ ಕಾರಣ ಮಾತ್ರದಿಂದಲೂ ಮಾಡಕೂಡದು. ಮಕ್ಕಳ ವಿಷಯದಲ್ಲಿ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ೨೦೧೫ರ ಬಾಲನ್ಯಾಯ ಕಾಯಿದೆಯು ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಹೊಡೆಯುವುದನ್ನು ದಂಡನೀಯ ಅಪರಾಧವನ್ನಾಗಿ ಮಾಡಿದೆ. ಕಾನೂನು ಹೇಳಿದ ಮಾತ್ರಕ್ಕೆ ಕೈ ಇಳಿಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೂ ಸಿಬ್ಬಂದಿಯ ಕೊರತೆಯನ್ನು ಕುರಿತ ಆ ಒಂದು ಮಾತು ಬಹಳ ತೂಕದ್ದು. ಅದಕ್ಕೆ ಮತ್ತೆ ಬರುತ್ತೇನೆ.

ಮಾತು ಬಾರದವರ ಕೆರಳುವಿಕೆಯನ್ನು ಬೇರೆಯಾಗಿಯೇ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಹಲ್ಲುನೋವನ್ನು ಹೇಳಲಾರದ ಮಗು ಕೆನ್ನೆಗೆ ಹೊಡೆದುಕೊಳ್ಳಬಹುದು. ಕಿವಿ ಸೋರುವ ಮಗು ತಲೆ ಬಡಿದುಕೊಳ್ಳಬಹುದು. ಮಲಬದ್ಧತೆ, ನಿದ್ದೆಗೇಡು, ಹಸಿವು, ಸಹಿಸಲಾಗದ ಗದ್ದಲ, ದಿನಚರಿಯಲ್ಲಿ ಹೇಳದೆ ಮಾಡಿದ ಬದಲಾವಣೆ, ಇವೆಲ್ಲ ಹೊರಗೆ ಬರುವುದು ಒದೆತವಾಗಿ, ಕಡಿತವಾಗಿ. 'ಹಟಮಾರಿ' ಎಂಬ ಒಂದು ಪದ ವೈದ್ಯರ ಬಳಿ ಹೋಗುವುದನ್ನು ಎಷ್ಟೋ ತಿಂಗಳು ತಡಮಾಡಿಬಿಡುತ್ತದೆ. ವೃದ್ಧರ ವಿಷಯವೂ ಇಂಥದೇ. ಮರೆವಿನ ರೋಗ ಹಿಡಿದ ಹಿರಿಯರು ಸ್ನಾನದ ಹೊತ್ತಿಗೆ ಕೈಯೆತ್ತಿದರೆ, ಅವರ ಪಾಲಿಗೆ ನಡೆಯುತ್ತಿರುವುದು ಸ್ನಾನವಲ್ಲ. ಯಾರೋ ಅಪರಿಚಿತರು ಬಂದು ಬಟ್ಟೆ ಬಿಚ್ಚುತ್ತಿದ್ದಾರೆ. ಒಬ್ಬ ಮಾನಧನರು ಆಗ ಮಾಡುವುದನ್ನೇ ಅವರು ಮಾಡುತ್ತಾರೆ. ಅಂದು ಸ್ನಾನವನ್ನು ಬಿಟ್ಟು ಕಾಲು ಗಂಟೆಯ ಮೇಲೆ ಬಂದು, "ಅಪ್ಪಾಜಿ, ನೀರು ಕಾದಿದೆ" ಎಂದು ಮತ್ತೆ ಕರೆದರೆ ಎಷ್ಟೋ ಸಲ ಅವರೇ ಎದ್ದು ಬರುತ್ತಾರೆ. ಬಾರದಿದ್ದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೂ ಆದೀತು. ಒಂದು ದಿನದ ಸ್ನಾನಕ್ಕಾಗಿ ಯಾರ ಮೂಳೆಯೂ ಮುರಿಯಬೇಕಾಗಿಲ್ಲ.

ಪ್ರಸಂಗ ಮುಗಿದ ಮೇಲೆ ನಡೆಯುವ ಕೆಲಸವನ್ನು ನಾವು ಹೆಚ್ಚಾಗಿ ಮಾಡುವುದೇ ಇಲ್ಲ. ಹುಡುಗ ನಿದ್ದೆಹೋದನೆಂದರೆ ಎಲ್ಲವೂ ಮುಗಿಯಿತೆಂದು ತಿಳಿಯುತ್ತೇವೆ. ಮರುದಿನ, ಸಾಧ್ಯವಾದರೆ ಅವನಿಗೆ ಹತ್ತಿರದವರಾದ ಒಬ್ಬರು, ಏಕಾಂತದಲ್ಲಿ ಕುಳಿತು, ಮೊದಲು ಅವನ ಕಡೆಯ ಕಥೆಯನ್ನು ಪೂರ್ತಿಯಾಗಿ ಕೇಳಬೇಕು. ಅನಂತರ, ಇಂಥ ಕೊಂಕು ಮಾತು ಮತ್ತೆ ಬಂದರೆ ಏನು ಮಾಡುವೆ, ಯಾರ ಬಳಿ ಬರುವೆ ಎಂದು ಕೇಳಬೇಕು. ರೆಡ್ಲ್ ಈ ಮಾತುಕತೆಗೆ ಬಹಳ ಬೆಲೆ ಕೊಟ್ಟಿದ್ದ. ನೋಡಿದ ಮಕ್ಕಳಿಗೂ ಎರಡು ಮಾತು ಹೇಳಬೇಕು. ಕಚ್ಚಿಸಿಕೊಂಡ ಮೇಲ್ವಿಚಾರಕರ ಗಾಯವನ್ನು ಯಾರಾದರೂ ತೊಳೆದು ಕಟ್ಟಬೇಕು, ಆ ರಾತ್ರಿ ಅವರ ಪಾಳಿಯನ್ನು ಇನ್ನೊಬ್ಬರು ವಹಿಸಿಕೊಳ್ಳಬೇಕು. ಅವರೂ ಮನುಷ್ಯರೇ, ಏಟು ತಿಂದ ಮೈ ಮರುದಿನ ಅದೇ ಹುಡುಗನನ್ನು ಕಂಡಾಗ ತಾನಾಗಿಯೇ ಬಿಗಿಯುತ್ತದೆ. ನಡೆದದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು: ಯಾವ ಹೊತ್ತು, ಯಾವ ಸ್ಥಳ, ಅದಕ್ಕೆ ಮೊದಲು ಏನಾಯಿತು. ಹೀಗೆ ಬರೆದಿಟ್ಟ ಕಡೆಗಳಲ್ಲಿ, ಪ್ರಸಂಗಗಳು ಊಟದ ಸಾಲಿನಲ್ಲಿಯೋ ಮಲಗುವ ಮುನ್ನಿನ ಗಂಟೆಯಲ್ಲಿಯೋ ಗುಂಪುಗೂಡಿರುವುದು ಕಣ್ಣಿಗೆ ಬೀಳುತ್ತದೆ. ಆಗ ಹುಡುಗನನ್ನು ತಿದ್ದುವ ಮೊದಲು ಸಾಲನ್ನೇ ಎರಡಾಗಿ ಮಾಡಿ ನೋಡಬಹುದು.

ಆದರೆ ಸಾಲನ್ನು ಎರಡು ಮಾಡಲು ಇಬ್ಬರು ಬೇಕು. ಸಿಬ್ಬಂದಿಯ ಮಾತಿಗೆ ಮತ್ತೆ ಬರುತ್ತೇನೆಂದದ್ದು ಇದಕ್ಕಾಗಿಯೇ. ಒಬ್ಬನೇ ಮನುಷ್ಯನು ಇನ್ನೂರು ಮಕ್ಕಳನ್ನು ಕಾಯುತ್ತಿರುವಲ್ಲಿ, ನಿದ್ದೆಗೆಟ್ಟು ಮೂರನೆಯ ರಾತ್ರಿಯ ಪಾಳಿಯಲ್ಲಿರುವಲ್ಲಿ, ಅವನಿಂದ ಮೇಲೆ ಹೇಳಿದ ತಾಳ್ಮೆಯನ್ನು ಕೇಳುವುದು ಅನ್ಯಾಯ. ತಗ್ಗಿದ ದನಿಗೆ, ಕಾಲು ಗಂಟೆಯ ಕಾಯುವಿಕೆಗೆ ಬಿಡುವು ಬೇಕು. ಬಿಡುವಿಗೆ ಜನ ಬೇಕು. ಜನಕ್ಕೆ ಸಂಬಳ ಬೇಕು. ನಮ್ಮ ಭಕ್ತರ ಔದಾರ್ಯ ದೊಡ್ಡದು. ಕೊಠಡಿ ಕಟ್ಟಿಸಿಕೊಡುವವರಿದ್ದಾರೆ, ದಾಸೋಹಕ್ಕೆ ಅಕ್ಕಿ ಬೇಳೆ ಕಳಿಸುವವರಿದ್ದಾರೆ, ತಂದೆತಾಯಿಗಳ ಹೆಸರಿನಲ್ಲಿ ಕಲ್ಲು ಕೆತ್ತಿಸುವವರಿದ್ದಾರೆ. ರಾತ್ರಿ ಪಾಳಿಯ ಒಬ್ಬ ಪಾಲಕಿಯ ವರ್ಷದ ಸಂಬಳವನ್ನು ನಾನು ಕೊಡುತ್ತೇನೆ, ಅವಳಿಗೆ ಈ ವಿದ್ಯೆಯಲ್ಲಿ ತರಬೇತಿ ಕೊಡಿಸಿ ಎಂದು ಮುಂದೆ ಬಂದವರು ನನ್ನ ಕಿವಿಗೆ ಬಿದ್ದಿಲ್ಲ. ಆ ದಾನಕ್ಕೆ ಕಲ್ಲಿನಲ್ಲಿ ಜಾಗವಿಲ್ಲದಿರುವುದೂ ಒಂದು ಕಾರಣವಿರಬಹುದು.

ತಾವು ಓದಿದ ನಿಲಯಕ್ಕೆ ಮುಂದಿನ ಸಲ ಹೋದಾಗ ಪ್ರಾರ್ಥನಾ ಮಂದಿರವನ್ನೂ ಅಡಿಗೆಮನೆಯನ್ನೂ ಹೊಸ ಕಟ್ಟಡವನ್ನೂ ತೋರಿಸುತ್ತಾರೆ. ಅವೆಲ್ಲವನ್ನೂ ನೋಡಿದ ಮೇಲೆ, ರಾತ್ರಿ ಹತ್ತು ಗಂಟೆಯಿಂದ ಬೆಳಗಿನವರೆಗೆ ಇಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಜನ ಎಚ್ಚರವಾಗಿರುತ್ತಾರೆ ಎಂದು ಕೇಳಿ. ಕಳೆದ ತಿಂಗಳು ಯಾರಾದರೂ ಕೆರಳಿದ್ದರೇ, ಆಗ ಯಾರು ಏನು ಮಾಡಿದರು, ಎಲ್ಲಿ ಬರೆದಿಟ್ಟಿದ್ದಾರೆ ಎಂದೂ ಕೇಳಿ. ಸಾಧ್ಯವಾದರೆ ಆ ರಾತ್ರಿ ಎಚ್ಚರವಾಗಿದ್ದವರನ್ನೇ ಕರೆಸಿ ಕೇಳಿ.